ಮಖ್ಮಲ್‌ಗೆ ಮಾರ್ಜಿನ್ ಬ್ಯಾಡ

ಮೊದಲೇ ಹೇಳಿಬಿಡುತ್ತೇನೆ, ನನ್ನ ಹೊಲಿಗೆಯ ಬಗ್ಗೆ ಯಾರೂ ಸೊಲ್ಲೆತ್ತುವ ಹಾಗಿಲ್ಲ. ದಾವಣಗೆರೆಯ ಸರಸ್ವತಿ ನಗರಕ್ಕೆ ಬಂದು ಖಾಜಾ ಹುಸೇನ್ ಟೇಲರ್ ಅಂಗಡಿ ಎಲ್ಲಿ ಎಂದು ಕೇಳಿ ನೋಡಿ. ಸ್ಕೂಲಿಗೆ ಹೋಗುವ ಮಗು ಇರುವ ಯಾವ ಮನೆಯವರಾದರೂ ಕೈ ಹಿಡಿದು ಕರೆತಂದು ಬಿಡುತ್ತಾರೆ. ಯಾಕೆ ಗೊತ್ತೇ? ನಾನು ಹೊಲಿದ ಯೂನಿಫಾರ್ಮ್ ಒಂದೇ ವರ್ಷಕ್ಕೆ ಗಿಡ್ಡ ಆಗುವುದಿಲ್ಲ. ಮಗುವಿನ ಎದೆ ಟೇಪಿನಲ್ಲಿ ಇಪ್ಪತ್ತಾರು ಬಂದರೆ ನನ್ನ ಬಾಯಲ್ಲಿ ಬರುವುದು ಇಪ್ಪತ್ತೆಂಟು. ಪಕ್ಕಕ್ಕೆ ಎರಡಿಂಚು, ಅಂಚಿಗೆ ಎರಡಿಂಚು, ತೋಳಿಗೆ ಇನ್ನೊಂದಿಷ್ಟು. ಇದಕ್ಕೆ ಮಾರ್ಜಿನ್ ಅನ್ನುತ್ತಾರೆ. ಬೆಳೆಯುವ ಮೈಗೆ ಇವತ್ತಿನ ಅಳತೆ ಹಿಡಿದು ಹೊಲಿಯುವವನು ಟೇಲರ್ ಅಲ್ಲ, ಆ ಮನೆಯ ಶತ್ರು. ಹೀಗಂತ ನಾನು ಅಂಗಡಿ ಮುಂದೆ ನಿಂತ ಎಷ್ಟು ತಾಯಂದಿರಿಗೆ ಭಾಷಣ ಬಿಗಿದಿದ್ದೇನೋ ಲೆಕ್ಕವಿಲ್ಲ.

ಅಂಥ ನನ್ನ, ಮನೆಗೇ ಅಂಟಿಕೊಂಡ ಅಂಗಡಿಯ ಹಿಂದಿನ ರೂಮಿಗೆ ಹೋದ ವರ್ಷ ಒಂದು ಹಾವು ಬಂತು.

ತಂದವಳು ನನ್ನ ಮಗಳು ಆಮ್ನಾ. ವಿದ್ಯಾನಗರದ ಒಂದು ಕಾಲೇಜಿನಲ್ಲಿ ಬಯಾಲಜಿ ಪಾಠ ಮಾಡುತ್ತಾಳೆ. ಅವಳ ಗೆಳತಿ ಸ್ನೇಹಾಗೆ ಮದುವೆ ಆಯಿತು, ಗಂಡನ ಮನೆಯವರು 'ಸೊಸೆ ಬರಲಿ, ಹಾವು ಬ್ಯಾಡ' ಅಂದರು, ಇವಳು ಗಾಜಿನ ಪೆಟ್ಟಿಗೆ ಸಮೇತ ಎತ್ತಿಕೊಂಡು ಬಂದುಬಿಟ್ಟಳು. ಬಾಲ್ ಪೈಥಾನ್ ಅಂತೆ, ಹೆಣ್ಣು. ಆಫ್ರಿಕಾದ ಹೆಬ್ಬಾವಿನ ಜಾತಿ, ವಿಷ ಇಲ್ಲ, ಕಚ್ಚುವುದಕ್ಕಿಂತ ಸುರುಳಿ ಸುತ್ತಿಕೊಂಡು ಮುಖ ಮುಚ್ಚಿಕೊಳ್ಳುವುದೇ ಹೆಚ್ಚು. ನಮ್ಮ ನಾಡಿನ ಹಾವು ಸಾಕಿದರೆ ಜೈಲು. ಇದು ಹೊರದೇಶದ್ದು, ಸರ್ಕಾರದಲ್ಲಿ ಹೆಸರು ಬರೆಸಿದ್ದಾಗಿದೆ, ಎಲ್ಲಾ ಕಾಗದ ಸರಿಯಾಗಿದೆ ಎಂದು ಮಗಳು ವಿವರಿಸುತ್ತಿದ್ದಳು. ನಾನು ಕೇಳಬೇಕಲ್ಲ!

"ಈ ಮನೆಯಾಗೆ ಅದಿರಬೇಕು, ಇಲ್ಲಾ ನಾನಿರಬೇಕು" ಎಂದು ಕೂಗಿದೆ.

ನನ್ನ ಹೆಂಡತಿ ಜೈನಾಬಿ ಒಲೆಯ ಮುಂದಿನಿಂದ ತಲೆಯನ್ನೂ ಎತ್ತದೆ ಅಂದಳು, "ಹಾವು ಎಷ್ಟು ತಿಂತೈತೆ ಬೇಟಿ?"

"ಹತ್ತು ದಿನಕ್ಕೆ ಒಂದ್ಸಲ ಅಮ್ಮಿ."

"ಹಂಗಾದ್ರೆ ಅದೇ ಇರ್ಲಿ."

ಹೀಗೆ ನಮ್ಮ ಮನೆಯ ಪಂಚಾಯಿತಿ ಮುಗಿಯಿತು. ಒಂದು ವಾರ ನಾನು ಆ ರೂಮಿಗೆ ಕಾಲಿಡಲಿಲ್ಲ. ಆಮೇಲೊಂದು ಮಧ್ಯಾಹ್ನ ಲೈನಿಂಗ್ ಬಟ್ಟೆ ತರಲು ಹೋದವನು ಗಾಜಿನ ಹತ್ತಿರ ನಿಂತೆ. ಕಂದು, ಕಪ್ಪು, ನಡುನಡುವೆ ಹೊನ್ನಿನ ಮಚ್ಚೆ. ಮೂವತ್ತು ವರ್ಷ ಬಟ್ಟೆ ಮುಟ್ಟಿದ ಬೆರಳು ಸುಮ್ಮನಿರುತ್ತದೆಯೇ? ಮುಚ್ಚಳ ಸರಿಸಿ, ಅಲ್ಲಾನ ಹೆಸರು ಹೇಳಿ, ಒಂದೇ ಒಂದು ಬೆರಳಿಟ್ಟೆ. ಯಾ ಅಲ್ಲಾ! ತಣ್ಣಗೆ, ನುಣ್ಣಗೆ, ಒಳಗೆ ಬಿಗಿ. ಸೂರತ್ತಿನಿಂದ ತರಿಸಿದ ಮಖ್ಮಲ್ ಬಟ್ಟೆಯಲ್ಲೂ ಆ ಜಾರು ಇರಲಿಲ್ಲ. ಅವತ್ತೇ ಹೆಸರಿಟ್ಟೆ, ಮಖ್ಮಲ್. ಸಂಜೆ ಮಗಳು ಬಂದು ನೋಡುತ್ತಾಳೆ, ಹಾವು ನನ್ನ ಮುಂಗೈ ಸುತ್ತಿಕೊಂಡಿದೆ, ನಾನು ಇನ್ನೊಂದು ಕೈಯಲ್ಲಿ ಶರ್ಟಿನ ಗುಂಡಿಗೆ ಕಾಜಾ ಹಾಕಲು ಹೆಣಗುತ್ತಿದ್ದೇನೆ.

"ಯಾರೋ ಮನೆ ಬಿಟ್ಟು ಹೋಗ್ತೀನಿ ಅಂದಿದ್ರಪ್ಪಾ" ಎಂದು ಅವಳು ನಕ್ಕಳು.

ಮಖ್ಮಲ್‌ಳ ಊಟ ಹರಿಹರದಿಂದ ಬರುತ್ತಿತ್ತು. ಅಲ್ಲಿ ಸುಧಾ ಎಂಬ ಹೆಂಗಸು ಮನೆಯ ಮಹಡಿಯ ಮೇಲೆ ಬಿಳಿ ಇಲಿ ಸಾಕುತ್ತಾರೆ, ಕಾಲೇಜಿನ ಲ್ಯಾಬುಗಳಿಗೂ ಕೊಡುತ್ತಾರೆ, ನಮ್ಮಂಥ ಹುಚ್ಚರಿಗೂ ಕೊಡುತ್ತಾರೆ. ಜೀವಂತ ಇಲಿ ಬಿಟ್ಟರೆ ಅದೇ ಹಾವನ್ನು ಕಚ್ಚಿ ಗಾಯ ಮಾಡೀತು, ಅದಕ್ಕೆ ನೋವಿಲ್ಲದ ಹಾಗೆ ಮೊದಲೇ ಮುಗಿಸಿ, ಐಸ್‌ನಲ್ಲಿ ಗಟ್ಟಿ ಮಾಡಿ ಕೊಡುವುದು. ಜೈನಾಬಿ ತನ್ನ ಫ್ರಿಜ್ಜಿನ ಬಾಗಿಲಿಗೇ ಅಡ್ಡ ನಿಂತಳು: "ನನ್ನ ಖೀಮಾ ಪಕ್ಕ ಇಲಿ ಇಟ್ರೆ ಮೂರು ತಲಾಖ್ ನಾನೇ ಹೇಳ್ತೀನಿ." ಹಾಗಾಗಿ ಒಂದು ಹಳೆಯ ಪುಟ್ಟ ಫ್ರೀಜರ್ ಅಂಗಡಿಯಲ್ಲಿ, ನನ್ನ ಮಷೀನಿನ ಪಕ್ಕ ಬಂತು. ಅಳತೆ ಕೊಡಲು ಬಂದ ಮಕ್ಕಳು 'ಅಂಕಲ್, ಐಸ್‌ಕ್ರೀಮ್ ಐತಾ?' ಎನ್ನುವುದು, ನಾನು 'ಕರೆಂಟಿಲ್ಲ ಮರಿ, ಕರಗೋಗೈತೆ' ಎನ್ನುವುದು, ಇದು ದಿನಾ ನಡೆಯುತ್ತಿತ್ತು.

ಆಮ್ನಾ ಊಟ ಹಾಕುವ ದಿನ ನನಗೆ ಒಂದೇ ಸಂಕಟ. ಇಲಿ ಸಣ್ಣದು. ತೀರಾ ಸಣ್ಣದು.

"ಇಷ್ಟೇನಾ ಬೇಟಿ? ಬೆಳೆಯೋ ಹುಡುಗಿಗೆ ಇದು ಯಾವ ಮೂಲೆಗೆ ಸಾಕಾಗುತ್ತೆ?"

"ಅಬ್ಬಾ, ಹಾವಿನ ಮೈಯಾಗೆ ಎಲ್ಲಿ ಜಾಸ್ತಿ ದಪ್ಪ ಐತೋ, ಇಲಿ ಅಷ್ಟೇ ದಪ್ಪ ಇರಬೇಕು. ಕೂದಲೆಳೆ ಹೆಚ್ಚಿದ್ರೆ ಪರವಾಗಿಲ್ಲ. ಅದರ ಮೇಲೆ ಬ್ಯಾಡ."

"ಬಾಯಿ ಅಷ್ಟಗಲ ತೆಗಿತಾಳಲ್ಲ!"

"ಬಾಯಿ ಹಿಡಿಸಿದ್ದೆಲ್ಲ ಹೊಟ್ಟೆ ಹಿಡಿಸಲ್ಲ."

ಪಾಠ ಮಾಡುವ ಹುಡುಗಿ, ಬಾಯಲ್ಲಿ ಗೆಲ್ಲಲು ಆಗುವುದಿಲ್ಲ. ಸುಮ್ಮನಾದೆ. ಮನಸ್ಸಿನಲ್ಲಿ ಮಾತ್ರ ಸುಮ್ಮನಾಗಲಿಲ್ಲ.

ಈ ಮೇ ತಿಂಗಳಲ್ಲಿ ಆಮ್ನಾ ಉತ್ತರ ಪತ್ರಿಕೆ ತಿದ್ದಲು ಶಿವಮೊಗ್ಗಕ್ಕೆ ಹೋಗಬೇಕಾಯಿತು. ಹೊರಡುವ ಮುಂಚೆ ಹತ್ತು ಸಲ ಹೇಳಿದಳು: ಭಾನುವಾರ ಊಟ, ಫ್ರೀಜರಿನಲ್ಲಿ ಒಂದೇ ಇಲಿ ಉಳಿದಿದೆ, ಅದನ್ನೇ ಬಿಸಿನೀರಲ್ಲಿ ಬೆಚ್ಚಗೆ ಮಾಡಿ ಇಕ್ಕಳದಲ್ಲಿ ಹಿಡಿದು ಕೊಡಿ. ಆಯಿತು ತಾಯಿ ಅಂದೆ. ಬಸ್ಸು ಹೊರಟಿತು. ನಾನು ಅಂಗಡಿಗೆ ಬಂದವನೇ ಫ್ರೀಜರ್ ತೆಗೆದು ಆ ಇಲಿಯನ್ನು ನೋಡಿದೆ. ಛೇ! ಮನೆಗೆ ಬಂದ ಹೆಣ್ಣುಮಗಳಿಗೆ ಅರ್ಧ ತಟ್ಟೆ ಊಟ ಬಡಿಸಿದ ಹಾಗಿತ್ತು. ಟೇಪು ತೆಗೆದು ಮಖ್ಮಲ್‌ಳ ಹೊಟ್ಟೆಯ ಸುತ್ತ ಹಿಡಿದೆ. ಸರಿಯಾಗಿ ಐದಿಂಚು. ಟೇಪು ಕೊರಳಿಗೆ ಹಾಕಿಕೊಂಡು ಹರಿಹರದ ಬಸ್ಸು ಹತ್ತಿದೆ.

ಸುಧಾ ಅವರ ಮನೆ ಹೊಳೆಯ ಕಡೆಗೆ ಇಳಿಯುವ ಓಣಿಯಲ್ಲಿ. ನನ್ನನ್ನು ಕಂಡವರೇ, "ಆಮ್ನಾ ಅವ್ರ ತಂದೆಯೇನ್ರಿ? ಬರ್ರಿ, ಕೂಡ್ರಿ, ಚಾ ಕುಡೀರಿ" ಅಂದರು. ಚಾ ಬಂತು. ಆಮೇಲೆ ಕೇಳಿದರು, "ಈಗ ಹಾವಿನ ಸುತ್ತಳತೆ ಎಷ್ಟೈತ್ರಿ?"

ಕೇಳಿ, ಇಲ್ಲೇ ಎಡವಟ್ಟಾಗಿದ್ದು. ನಾನು ಸುಳ್ಳು ಹೇಳಬೇಕು ಎಂದು ಹೇಳಿದ್ದಲ್ಲ. ಟೇಪು ಒಂದು ಹೇಳಿದರೆ ನಾಲಿಗೆ ಎರಡಿಂಚು ಸೇರಿಸಿಯೇ ಹೇಳುವುದು ನನ್ನ ಕಸುಬು.

"ಏಳು" ಅಂದೆ.

"ಏಳಾ? ಹೋದ ಸಲ ಆಮ್ನಾ ಐದು ಅಂದಿದ್ರಲ್ರಿ!"

"ಬೆಳೆದಾಳೆ" ಎಂದು ಎದೆಯುಬ್ಬಿಸಿದೆ. "ನನ್ನ ಕೈಯಾಗೆ ಬೆಳೆದಾಳೆ."

ಅವರೇನು ಮಾಡುತ್ತಾರೆ ಪಾಪ, ಏಳಿಂಚಿಗೆ ಸರಿಯಾದ ಇಲಿ ಕೊಟ್ಟರು. ಏನು ಇಲಿ ಅಂತೀರಿ! ಐಸಿನ ಡಬ್ಬದಲ್ಲಿ ಹಾಕಿಕೊಂಡು, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು, ಬೀಗರ ಮನೆಗೆ ಸಿಹಿ ಒಯ್ಯುವವನ ಖುಷಿಯಲ್ಲಿ ದಾವಣಗೆರೆಗೆ ಬಂದೆ.

ಭಾನುವಾರ ಸಂಜೆ ನಮ್ಮ ಹಿಂದಿನ ರೂಮಿನಲ್ಲಿ ಸಿನಿಮಾ ಟಾಕೀಸಿನ ಸಡಗರ. ಪಕ್ಕದ ಮೊಬೈಲ್ ರಿಪೇರಿ ಅಂಗಡಿಯ ನಿಂಗರಾಜು ಅಂಗಡಿಗೆ ಶಟರ್ ಎಳೆದು ಬಂದ. ಜೈನಾಬಿ ದುಪಟ್ಟಾದಲ್ಲಿ ಮೂಗು ಮುಚ್ಚಿಕೊಂಡು ಬಾಗಿಲಲ್ಲಿ ನಿಂತಳು. 'ನಾನು ನೋಡಲ್ಲಪ್ಪ' ಅಂದವಳು ರೆಪ್ಪೆ ಮಿಟುಕಿಸಲಿಲ್ಲ. ನಾನು ಇಕ್ಕಳ ಚಾಚಿದೆ. ಮಖ್ಮಲ್ ತಲೆಯೆತ್ತಿದಳು. ನಾಲಿಗೆ ಆಡಿಸಿದಳು. ಕತ್ತು ಇಂಗ್ಲಿಷ್ ಎಸ್ಸಿನ ಹಾಗೆ ಹಿಂದಕ್ಕೆ ಬಾಗಿತು. ಮರುಕ್ಷಣ, ಟಪ್!

"ಅಯ್ಯಪ್ಪಾ!" ನಿಂಗರಾಜು ಸ್ಟೂಲಿನಿಂದ ಹಿಂದಕ್ಕೆ ಬಿದ್ದ.

ಸುತ್ತಿದಳು, ಹಿಂಡಿದಳು, ತಲೆ ಹುಡುಕಿದಳು, ನುಂಗತೊಡಗಿದಳು. ದವಡೆ ಒಂದು ಕಡೆ ಮುಂದೆ, ಇನ್ನೊಂದು ಕಡೆ ಮುಂದೆ. ಇಲಿಯ ಸೊಂಟ ಬಂದಾಗ ನಿಂತಳು. ಚರ್ಮ ಎಳೆದು ಹೊಳೆಯಿತು. ಮತ್ತೊಂದು ಜಗ್ಗು, ಮತ್ತೊಂದು, ಕೊನೆಗೆ ಬಾಲವೂ ಒಳಗೆ! ನಾವು ಮೂವರೂ ಚಪ್ಪಾಳೆ ಹೊಡೆದೆವು. ಹೊಟ್ಟೆಯ ನಡುವೆ ಅಷ್ಟು ದೊಡ್ಡ ಗಂಟು ಹೊತ್ತುಕೊಂಡು ಅವಳು ಪೆಟ್ಟಿಗೆಯಲ್ಲಿ ಅವಿತುಕೊಳ್ಳಲೆಂದು ಇಟ್ಟಿದ್ದ ತನ್ನ ಮಡಕೆಯೊಳಗೆ ಹೋದಳು.

"ಮಾಷಾಅಲ್ಲಾ! ನೋಡ್ದೆಯೇನೋ ನಿಂಗರಾಜು? ಇದಕ್ಕೆ ಊಟ ಅಂತಾರೆ" ಎಂದೆ.

"ಏನ್ ಹಾವು ಚಾಚಾ, ನಮ್ ಮಾವನ ಥರಾ ತಿಂತೈತೆ" ಅಂದ.

ಮೂರನೆಯ ದಿನ ಬೆಳಿಗ್ಗೆ ವಾಸನೆ ನನ್ನನ್ನು ಎಬ್ಬಿಸಿತು. ಓಡಿದೆ. ಗಾಜಿನ ಪೆಟ್ಟಿಗೆಯಲ್ಲಿ ನುಂಗಿದ್ದೆಲ್ಲ ಹೊರಗೆ ಬಿದ್ದಿತ್ತು, ಅರ್ಧ ಕರಗಿದ್ದು, ಅರ್ಧ ಹಾಗೇ ಇದ್ದದ್ದು. ಮಖ್ಮಲ್ ಒಂದು ಮೂಲೆಯಲ್ಲಿ ಸುರುಳಿ ಸುತ್ತಲೂ ಆಗದೆ ಉದ್ದಕ್ಕೆ ಬಿದ್ದಿದ್ದಳು. ಜೈನಾಬಿಯನ್ನು ಕೂಗಿದೆ. ಅವಳು ಬಂದು ನೋಡಿ, "ಏನ್ರೀ, ಏನು ತಿನ್ನಿಸಿದ್ರಿ ಹುಡುಗಿಗೆ?" ಎಂದು ಅಳತೊಡಗಿದಳು. ಹಾವು ಬೇಡ ಎಂದು ಕೂಗಾಡಿದವನು ನಾನು, ಈಗ ನೋಡಿದರೆ ಗಂಡಹೆಂಡತಿ ಇಬ್ಬರೂ ಹಾವಿನ ಮುಂದೆ ಕುಳಿತು ಅಳುತ್ತಿದ್ದೇವೆ. ಕೊನೆಗೆ ನಾನೇ ಮಗಳಿಗೆ ಫೋನ್ ಮಾಡಿದೆ.

ಆಮ್ನಾ ಅವತ್ತು ಸಂಜೆಯೇ ಬಂದಳು. ಬ್ಯಾಗೂ ಇಳಿಸದೆ ಪೆಟ್ಟಿಗೆಯ ಹತ್ತಿರ ಹೋಗಿ, ಮಖ್ಮಲ್‌ಳನ್ನು ಎತ್ತಿ ದುಪಟ್ಟಾದಲ್ಲಿ ಸುತ್ತಿಕೊಂಡು, ಸ್ಕೂಟರಿನಲ್ಲಿ ಪಶುವೈದ್ಯರ ಹತ್ತಿರ ಹೋದಳು. ನಾನು ಹಿಂದೆ ಕುಳಿತಿದ್ದೆ.

ಡಾಕ್ಟರು ನೋಡಿದರು. "ಹೊಟ್ಟೆಯ ಆಸಿಡ್ ಮೇಲಕ್ಕೆ ಬಂದು ಗಂಟಲು ಸುಟ್ಟಿರುತ್ತೆ. ಎರಡು ವಾರ ನೀರು ಬಿಟ್ಟು ಏನೂ ಕೊಡಬೇಡಿ. ಆಮೇಲೆ ಮಾಮೂಲಿಗಿಂತ ತುಂಬಾ ಸಣ್ಣ ಊಟ ಒಂದು. ಅದು ಒಳಗೆ ನಿಂತರೆ ಬದುಕಿಕೊಳ್ಳುತ್ತೆ. ಅದೂ ವಾಪಸ್ ಬಂದರೆ..." ಎಂದು ಕೈಚೆಲ್ಲಿದರು. ಆ ಕೈ ಇವತ್ತಿಗೂ ನನ್ನ ಕಣ್ಣ ಮುಂದಿದೆ.

ಮನೆಗೆ ಬಂದ ಮೇಲೆ ಆಮ್ನಾ ಬಾಯಿಬಿಟ್ಟಳು.

"ಸುಧಾ ಅಕ್ಕಂಗೆ ಎಷ್ಟು ಅಂತ ಹೇಳಿದ್ರಿ ಅಬ್ಬಾ?"

"ಏಳು."

"ಇದ್ದಿದ್ದು?"

"...ಐದು."

"ಅಬ್ಬಾ! ಮಖ್ಮಲ್ ಏನು ಫೋರ್ತ್ ಸ್ಟ್ಯಾಂಡರ್ಡ್ ಹುಡುಗೀನಾ? ಮುಂದಿನ ವರ್ಷಕ್ಕೂ ಸೇರಿಸಿ ತಿನ್ನಿಸ್ತೀರಾ?"

ನನಗೂ ಸಿಟ್ಟು ಬಂತು. ತಪ್ಪು ಮಾಡಿದವನಿಗೆ ಸಿಟ್ಟು ಬೇಗ ಬರುತ್ತದೆ, ಇದು ನನ್ನ ಸ್ವಭಾವ. "ನನ್ನ ಮಾರ್ಜಿನ್ ಬಗ್ಗೆ ಮಾತಾಡಬೇಡ! ಅದೇ ಮಾರ್ಜಿನ್‌ನಾಗೆ ನೀನು ಓದಿ ಲೆಕ್ಚರರ್ ಆಗಿದ್ದು. ಒಂದು ದಿನ ನಿನಗೆ ಬಟ್ಟೆ ಗಿಡ್ಡ ಆಗಿತ್ತಾ? ಒಂದು ದಿನ ಹರಕು ಹಾಕ್ಕೊಂಡು ಹೋಗಿದ್ದೆಯಾ?"

"ಇಲ್ಲ" ಅಂದಳು. ದನಿ ಸಣ್ಣಗಾಗಿತ್ತು. "ಗಿಡ್ಡ ಆಗಿರಲಿಲ್ಲ. ಫೋರ್ತ್‌ನಾಗೆ ಇದ್ದಾಗ ಫಿಫ್ತ್‌ನ ಅಳತೇದು ಹಾಕ್ಕೊಂಡು ಹೋದೆ. ತೋಳು ಬೆರಳು ಮುಚ್ಚುತ್ತಿತ್ತು, ಬೋರ್ಡ್ ಮೇಲೆ ಬರೆಯಕ್ಕೆ ಹೋದ್ರೆ ಎಲ್ಲ ನಗೋರು. ಫಿಫ್ತ್‌ಗೆ ಬಂದು ಅಳತೆ ಸರಿಹೋಗೋ ಹೊತ್ತಿಗೆ ಬಣ್ಣ ಹೋಗಿತ್ತು. ಸರಿಯಾದ ಅಳತೇದು, ಹೊಸದು, ಎರಡೂ ಒಟ್ಟಿಗೆ ನಾನು ಯಾವತ್ತೂ ಹಾಕ್ಕೊಂಡಿಲ್ಲ ಅಬ್ಬಾ. ಕೆಲಸ ಸಿಕ್ಕ ಮೇಲೆ ನಾನ್ಯಾಕೆ ರೆಡಿಮೇಡ್ ತಗೋತೀನಿ ಅಂದ್ಕೊಂಡಿದ್ದೀರಿ?"

ನಾನು ಫ್ಯಾಷನ್ ಅಂದುಕೊಂಡಿದ್ದೆ. ಟೇಲರನ ಮಗಳು ರೆಡಿಮೇಡ್ ಹಾಕುತ್ತಾಳೆ ಎಂದು ಗಿರಾಕಿಗಳು ಆಡಿಕೊಂಡಾಗಲೆಲ್ಲ ಹೊಟ್ಟೆ ಉರಿಯುತ್ತಿತ್ತು, 'ಈಗಿನ ಹುಡುಗೀರು ಅಷ್ಟೇ' ಎಂದು ನಕ್ಕು ಸುಮ್ಮನಾಗುತ್ತಿದ್ದೆ. ಅವಳು ಬಾಗಿಲು ಹಾಕಿಕೊಂಡಳು. ನಾನು ಅಂಗಡಿಗೆ ಹೋಗಿ ಮಷೀನಿನ ಮುಂದೆ ಕುಳಿತೆ. ಪೆಡಲ್ ತುಳಿಯಲಿಲ್ಲ.

ಎರಡು ವಾರ ಅಂದರೆ ಏನು ಅಂತೀರಿ! ಸ್ಕೂಲು ಶುರುವಾಗುವ ಕಾಲ, ಅಂಗಡಿಯ ತುಂಬ ನೀಲಿ ಪ್ಯಾಂಟು, ಬಿಳಿ ಶರ್ಟು, ತಾಯಂದಿರ ಗಲಾಟೆ. ನನ್ನ ಕಿವಿ ಮಾತ್ರ ಹಿಂದಿನ ರೂಮಿನಲ್ಲಿ. ಗಂಟೆಗೊಮ್ಮೆ ಎದ್ದು ಹೋಗಿ ನೋಡುವುದು. ನೀರು ಕುಡಿದಳೇ? ಮಡಕೆಯಿಂದ ಹೊರಗೆ ಬಂದಳೇ? ಒಂದು ಶರ್ಟಿಗೆ ಎರಡೂ ಎಡದೋಳು ಹಚ್ಚಿಬಿಟ್ಟೆ. ಆ ಮಗುವಿನ ತಾಯಿ ನನ್ನನ್ನು ಹಿಡಿದು ಉಗಿದಳು, ನಾನು ತಲೆ ತಗ್ಗಿಸಿ ಬಿಚ್ಚಿ ಹೊಲಿದುಕೊಟ್ಟೆ. ಮಖ್ಮಲ್ ಸೊರಗುತ್ತಿದ್ದಳು. ಬೆನ್ನಿನ ಮೇಲೆ ಎಲುಬಿನ ಗೆರೆ ಕಾಣತೊಡಗಿತ್ತು. ಏನಾದರೂ ಕೊಟ್ಟುಬಿಡೋಣ ಎಂದು ಕೈ ಕಡಿಯುತ್ತಿತ್ತು, ಡಾಕ್ಟರ ಕೈ ನೆನಪಾಗಿ ಸುಮ್ಮನಾಗುತ್ತಿದ್ದೆ.

ಗಡುವು ಮುಗಿದ ಬೆಳಿಗ್ಗೆ ಆಮ್ನಾ ಅಂಗಡಿಯ ಬಾಗಿಲಲ್ಲಿ ನಿಂತು ಸ್ಕೂಟರಿನ ಕೀ ಆಡಿಸಿದಳು. "ಹರಿಹರಕ್ಕೆ ಹೊಂಟೀನಿ. ಬರ್ತೀರಾ?"

"ನಾನಾ?"

"ಟೇಪ್ ತಗೊಳ್ಳಿ."

ಮೊದಲು ಹಿಂದಿನ ರೂಮಿಗೆ ಹೋದೆ. ಆಮ್ನಾ ಮಖ್ಮಲ್‌ಳನ್ನು ಹಿಡಿದಳು, ನಾನು ಟೇಪು ಸುತ್ತಿದೆ, ಬಿಗಿಯದೆ, ಸಡಿಲ ಬಿಡದೆ. ನೋಡಿದೆ. ಮತ್ತೆ ನೋಡಿದೆ.

"ಎಷ್ಟು?" ಅಂದಳು ಮಗಳು.

ಅಲ್ಲಾ ಕಸಮ್, ನಾಲಿಗೆ ಆರೂವರೆ ಎನ್ನಲು ಮೇಲೆದ್ದಿತ್ತು. ಹಲ್ಲು ಕಚ್ಚಿ ಅದನ್ನು ಒಳಗೆ ನೂಕಿದೆ. "ನಾಲ್ಕೂವರೆ" ಅಂದೆ. ಹೊರಗೆ ಬಂದ ಆ ಮಾತು ಕೇಳಿ ನನಗೇ ಬೆವರು ಬಂತು.

ಹೆದ್ದಾರಿಯ ಗಾಳಿಯಲ್ಲಿ ಐಸಿನ ಡಬ್ಬ ತಬ್ಬಿಕೊಂಡು ಹಿಂದೆ ಕುಳಿತಿದ್ದೆ. ಹರಿಹರ ಮುಟ್ಟಿದಾಗ ಸುಧಾ ಕೈ ಜೋಡಿಸಿದರು, "ಸಾಹೇಬ್ರೇ, ನಿಮ್ಮ ಏಳಿಂಚು ನಂಬಿ ನಾನೂ ಕೆಟ್ಟೆ ನೋಡ್ರಿ. ಎರಡು ವಾರದಿಂದ ನಂಗೂ ನಿದ್ದೆ ಇಲ್ಲ. ಈ ಸಲ ನೀವೇ ಅಳೀರಪ್ಪಾ."

ತಟ್ಟೆಯಲ್ಲಿ ಸಾಲಾಗಿ ಇಲಿ ಜೋಡಿಸಿದರು. ನಾನು ಕನ್ನಡಕ ಏರಿಸಿ, ಕೊರಳಿನ ಟೇಪು ಇಳಿಸಿದೆ. ಮನುಷ್ಯರಿಗಾದರೆ ಮೊದಲು ಎದೆಯ ಅಳತೆ. ಇಲಿಗೆ ಅದು ನಡೆಯದು, ಅದರ ದಪ್ಪವೆಲ್ಲ ಸೊಂಟದಲ್ಲಿ. ಒಂದೊಂದರ ಸೊಂಟಕ್ಕೂ ಟೇಪು ಹಿಡಿದೆ.

"ಏನ್ ಸಾಹೇಬ್ರೇ, ಪ್ಯಾಂಟ್ ಹೊಲೀತೀರೇನ್ರಿ ಇವಕ್ಕೆ?" ಸುಧಾ ಕಿಸಕ್ಕನೆ ನಕ್ಕರು.

"ಹೊಲಿತಿದ್ದೆ. ಬಾಲಕ್ಕೆ ಎಲ್ಲಿ ಜಾಗ ಬಿಡೋದು ಅಂತ ತಿಳೀಲಿಲ್ಲ" ಅಂದೆ.

ಆಮ್ನಾ ನಗಲಿಲ್ಲ. ನನ್ನ ಕೈಯನ್ನೇ ನೋಡುತ್ತಿದ್ದಳು. ಕೈ ಬೇಡಬೇಡವೆಂದರೂ ಮೊದಲು ದೊಡ್ಡದರ ಕಡೆಗೆ ಹೋಯಿತು. ಹಿಂದಕ್ಕೆಳೆದುಕೊಂಡೆ. ಹೆದರಿಕೆಯಲ್ಲಿ ತಟ್ಟೆಯ ತುದಿಯಲ್ಲಿದ್ದ, ಇನ್ನೂ ಕೂದಲೂ ಬಾರದ, ಹೆಬ್ಬೆರಳಿನಷ್ಟು ಮರಿಯೊಂದನ್ನು ಎತ್ತಿಕೊಂಡೆ. "ಇದು ಸಾಕು. ಇದೇ ಸಾಕು."

ಈಗ ಆಮ್ನಾ ನಕ್ಕುಬಿಟ್ಟಳು. ಎರಡು ವಾರದಲ್ಲಿ ಮೊದಲ ಸಲ! "ಅಬ್ಬಾ, ಅದನ್ನ ಕೊಟ್ರೆ ಮಖ್ಮಲ್‌ಗೆ ತಿಂದಿದ್ದೇ ತಿಳಿಯಲ್ಲ. ಅಷ್ಟು ಹೆದರಬೇಡಿ. ಎಷ್ಟು ಬೇಕೋ ಅಷ್ಟು."

ಮೂರೂವರೆ ಇಂಚಿನದು ಆರಿಸಿದೆ. ಸುಟ್ಟ ಗಂಟಲಿಗೆ ಅಷ್ಟೇ. ಮೂರೂವರೆ ಎಂದು ನಾನೇ ಗಟ್ಟಿಯಾಗಿ ಹೇಳಿದೆ. ಸುಧಾ ಪ್ಯಾಕ್ ಮಾಡಿಕೊಟ್ಟರು.

ಅವತ್ತು ಸಂಜೆ ಹಿಂದಿನ ರೂಮಿನಲ್ಲಿ ಚಪ್ಪಾಳೆ ಇಲ್ಲ, ಮಾತಿಲ್ಲ. ನಿಂಗರಾಜು ಬಾಗಿಲ ಹೊರಗೆ ನಿಂತು ಇಣುಕುತ್ತಿದ್ದ. ಜೈನಾಬಿಯ ತುಟಿ ಏನೋ ಪಠಿಸುತ್ತಿತ್ತು. ಇಕ್ಕಳ ಆಮ್ನಾಳ ಕೈಯಲ್ಲಿತ್ತು. ಮಖ್ಮಲ್ ಮುಖ ತಿರುಗಿಸಿದಳು. ಒಂದು ಸಲ. ಎರಡು ಸಲ. ತಿನ್ನದೇ ಹೋದರೆ? ನನ್ನ ಬೆರಳು ಟೇಪನ್ನು ಹಿಂಡುತ್ತಿತ್ತು. ಮೂರನೆಯ ಸಲ ಇಲಿಯನ್ನು ಕೊಂಚ ಬೆಚ್ಚಗೆ ಮಾಡಿ ತಂದಾಗ ನಾಲಿಗೆ ಹೊರಬಂತು. ಕತ್ತು ಬಾಗಿತು. ಟಪ್!

ಕಣ್ಣು ಮುಚ್ಚಿ ತೆಗೆಯುವುದರೊಳಗೆ ನುಂಗಿ ಮುಗಿಸಿದಳು. ಹೊಟ್ಟೆಯಲ್ಲಿ ಗಂಟೇ ಕಾಣಲಿಲ್ಲ, ಎಲ್ಲೋ ಸಣ್ಣ ಉಬ್ಬು ಅಷ್ಟೇ. "ಬಂತೇನು, ಬಂತೇನು" ಎಂದು ಮರುದಿನದಿಂದ ಮನೆಮಂದಿಯೆಲ್ಲ ಮೂಗು ಅರಳಿಸಿ ಓಡಾಡಿದೆವು. ಮೂರನೆಯ ದಿನ ಬೆಳಿಗ್ಗೆ ನಾನು ಹಾಸಿಗೆಯಿಂದ ಏಳಲೇ ಇಲ್ಲ. ಹಾಸಿಗೆಯಲ್ಲೇ ಉಸಿರೆಳೆದು ನೋಡಿದೆ. ಜೈನಾಬಿಯ ಚಹಾದ ವಾಸನೆ. ಬೇರೇನೂ ಇಲ್ಲ. ಆದರೂ ಡಾಕ್ಟರು ಹೇಳಿದ್ದರು, ಪೂರ್ತಿ ಜೀರ್ಣವಾಗಿ ಹೊರಗೆ ಹೋಗುವ ತನಕ ನಂಬಬೇಡಿ ಎಂದು.

ಮುಂದಿನ ವಾರ, ಅಂಗಡಿಯಲ್ಲಿ ಒಬ್ಬ ತಾಯಿ ಮಗನ ಪ್ಯಾಂಟಿನ ಉದ್ದದ ಬಗ್ಗೆ ನನ್ನ ಜೊತೆ ಜಗಳಕ್ಕೆ ನಿಂತಿದ್ದಾಗ ಒಳಗಿನಿಂದ ಕಿರುಚಾಟ ಕೇಳಿತು.

"ಅಬ್ಬಾ! ಅಬ್ಬಾ! ಬರ್ರಿ ಬೇಗ!"

ಕತ್ತರಿ ಎಸೆದು ಓಡಿದೆ. ಆಮ್ನಾ ಪೆಟ್ಟಿಗೆಯ ಮೂಲೆಗೆ ಬೆರಳು ತೋರಿಸುತ್ತ ಕುಣಿಯುತ್ತಿದ್ದಳು. ಅಲ್ಲಿ ಕಂದು ಬಣ್ಣದ ಒಂದು ಗುಪ್ಪೆ, ಪಕ್ಕದಲ್ಲಿ ಸುಣ್ಣದ ಹರಳಿನಂಥ ಬಿಳಿ ತುಂಡು.

"ಹೇತಾಳೆ ಅಬ್ಬಾ! ಚೆಂದಾಗಿ ಹೇತಾಳೆ!"

ಕಾಲೇಜಿನಲ್ಲಿ ಪಾಠ ಮಾಡುವ ಹುಡುಗಿಯ ಬಾಯಲ್ಲಿ ಎಂಥ ಮಾತು! ಇರಲಿ, ಅಷ್ಟು ಸವಿಯಾದ ಮಾತು ನಾನು ಈ ಜನ್ಮದಲ್ಲಿ ಕೇಳಿಲ್ಲ. ಮಗಳನ್ನು ತಬ್ಬಿಕೊಂಡೆ. ಜೈನಾಬಿ ಸೌಟು ಹಿಡಿದುಕೊಂಡೇ ಬಂದು ನಮ್ಮಿಬ್ಬರನ್ನೂ ತಬ್ಬಿಕೊಂಡಳು. ನಾನು ಟೇಪು ಕೊರಳಲ್ಲಿ ಹಾರಾಡಿಸುತ್ತ ರಸ್ತೆಗೆ ಓಡಿ, "ಲೇ ನಿಂಗರಾಜು! ಜೀರ್ಣ ಆಯ್ತೋ!" ಎಂದು ಕೂಗಿದೆ. ಅವನು ಅದೇ ಓಟದಲ್ಲಿ ಮೂಲೆಯಂಗಡಿಗೆ ಹೋಗಿ ಮಂಡಕ್ಕಿ, ಮಿರ್ಚಿ ಕಟ್ಟಿಸಿಕೊಂಡು ಬಂದ. ಪ್ಯಾಂಟಿನ ತಾಯಿಗೂ ಕೊಟ್ಟೆವು. "ಯಾರಿಗೆ ಹುಷಾರಿರಲಿಲ್ರಿ ಮನೆಯಾಗೆ?" ಎಂದು ಅವರು ಕೇಳಿದರು. "ನಮ್ಮ ಸಣ್ಣ ಮಗಳಿಗೆ" ಅಂದೆ. ಆಮೇಲೆ ಹರಿಹರಕ್ಕೆ ಫೋನ್ ಮಾಡಿದರೆ ಸುಧಾ ಆ ಕಡೆಯಿಂದ ಜೋರಾಗಿ ಅತ್ತುಬಿಟ್ಟರು, ಪುಣ್ಯಾತ್ಗಿತ್ತಿ.

ಎಲ್ಲ ತಣ್ಣಗಾದ ಮೇಲೆ, ಸಂಜೆ, ಅಂಗಡಿಯಲ್ಲಿ ಒಬ್ಬನೇ ಇದ್ದೆ. ಆಮ್ನಾ ಬಂದಳು. ಕಟಿಂಗ್ ಟೇಬಲ್ಲಿನ ಮೇಲೆ ಒಂದು ಬಟ್ಟೆ ಇಟ್ಟಳು. ಹಸಿರು, ಒಳ್ಳೆ ಕಾಟನ್.

"ಯಾರದು?" ಅಂದೆ.

"ನಂದೇ. ಕುರ್ತಾ. ಸೋಮವಾರ ಕಾಲೇಜು ಶುರು."

ಅವಳು ದುಪಟ್ಟಾ ತೆಗೆದು ಕುರ್ಚಿಗೆ ಹಾಕಿ, ಸಣ್ಣವಳಿದ್ದಾಗ ನಿಲ್ಲುತ್ತಿದ್ದ ಜಾಗದಲ್ಲೇ, ಕೈ ಎರಡೂ ಅಗಲಿಸಿ ನಿಂತಳು. ಟೇಪು ಹಿಡಿದೆ. ಭುಜ. ತೋಳು. ಎದೆ ಮೂವತ್ನಾಲ್ಕು ಬಂತು.

ಅವಳು ನನ್ನ ಬಾಯನ್ನೇ ನೋಡುತ್ತಿದ್ದಳು.

"ಮೂವತ್ನಾಲ್ಕು" ಅಂದೆ.

ಬಟ್ಟೆ ಹರಡಿ ಗೆರೆ ಎಳೆದೆ. ಹೊಲಿಗೆಗೆ ಅರ್ಧ ಇಂಚು ಬಿಟ್ಟೆ. ಅದು ಬಿಡಲೇಬೇಕು, ಅದಕ್ಕೆ ಯಾರಪ್ಪನ ಅಪ್ಪಣೆಯೂ ಬೇಕಿಲ್ಲ. ಉಳಿದಿದ್ದರ ಮೇಲೆ ಕತ್ತರಿ ಇಟ್ಟೆ. ಕೈ ಒಂದು ಗಳಿಗೆ ನಿಂತಿತು, ಆಮೇಲೆ ಕತ್ತರಿಸಿತು. ಎರಡಿಂಚಿನ ಹಸಿರು ಪಟ್ಟಿ ಟೇಬಲ್ಲಿನಿಂದ ಜಾರಿ ನೆಲಕ್ಕೆ ಬಿತ್ತು.

ಸೋಮವಾರ ಬೆಳಿಗ್ಗೆ ಅವಳು ಅದನ್ನು ಹಾಕಿಕೊಂಡು ಸ್ಕೂಟರ್ ಹತ್ತಿದಳು. ತೋಳು ಸರಿಯಾಗಿ ಮಣಿಕಟ್ಟಿಗೆ ಬಂದು ನಿಂತಿತ್ತು.